ಅಪ್ಪನಿಗೆ ಫೋನು, ಅವ್ವನಿಗೆ ಸಿಗ್ನಲ್ಲು: ಕಪ್ಪತಗುಡ್ಡದ ಬುಡದ ಊರಿಗೆ ಯಾವ ಸಿಮ್ ಹಾಕಿಸಲಿ?

ಗುಡ್ಡದ ಬುಡದವ
ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ಕೆಲಸಕ್ಕಿದ್ದೇನೆ. ಅಪ್ಪ ಅವ್ವ ಊರಲ್ಲಿದ್ದಾರೆ. ಊರು ಶಿರಹಟ್ಟಿ ತಾಲೂಕು, ಕಪ್ಪತಗುಡ್ಡದ ಬುಡಕ್ಕೆ ಅಂಟಿಕೊಂಡಿದೆ. ಹಳೇ ಮಾಳಿಗೆ ಮನೆ, ಗೋಡೆ ಎರಡು ಅಡಿ ದಪ್ಪ, ಮಟಮಟ ಮಧ್ಯಾಹ್ನವೂ ಒಳಗೆ ಲೈಟ್ ಹಾಕಬೇಕು. ಬೇಸಿಗೆಯಲ್ಲಿ ತಂಪಾಗಿರುತ್ತದೆ, ಆದರೆ ಫೋನಿಗೆ ಆಗಿಬರಲ್ಲ.

ಅಪ್ಪನ ಫೋನು ಹೋದ ವಾರ ದನಕ್ಕೆ ನೀರು ಕುಡಿಸುವ ಕಲ್ಲುಬಾನಿಯಲ್ಲಿ ಬಿತ್ತು. ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಇಟ್ಟರು, ಏಳಲಿಲ್ಲ. ಹೊಸದು ತೆಗೆದುಕೊಳ್ಳಲೇಬೇಕು. ಹಾಗೇ ಸಿಮ್ಮೂ ಬದಲಿಸೋಣ ಅಂತ. ಈಗಿರುವ ಸಿಮ್ಮಿಗೆ ಮಾಳಿಗೆ ಮೇಲೆ ಮಾತ್ರ ಸರಿಯಾದ ಸಿಗ್ನಲ್. ಅವ್ವ ಅಡುಗೆ ಮನೆಯ ಬೆಳಕಿಂಡಿ ಕೆಳಗಿನ ಮಾಡದಲ್ಲಿ ಫೋನಿಟ್ಟು, ಸ್ಪೀಕರ್ ಹಾಕಿ, ರೊಟ್ಟಿ ಬಡಿಯುತ್ತಲೇ ಕೂಗಿ ಮಾತಾಡುತ್ತಾಳೆ. ಓಣಿಗೆಲ್ಲ ನಮ್ಮ ಮನೆ ಸುದ್ದಿ ಗೊತ್ತು. ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ "ನಿಮ್ಮ ಏರಿಯಾದಲ್ಲಿ ನೆಟ್‌ವರ್ಕ್ ಚೆನ್ನಾಗಿದೆ ಸರ್" ಅಂದರು.

ಎರಡು ಫೋನಿಗೆ ಸೇರಿ 15 ಸಾವಿರದ ಒಳಗೆ. ಅಪ್ಪನಿಗೆ ಟಚ್, ಅವ್ವನಿಗೆ ಕೀಪ್ಯಾಡ್ ಅಂತ ನನ್ನ ಲೆಕ್ಕ. ಯಾವ ಸಿಮ್, ಯಾವ ಸೆಟ್ ಹೇಳಿ. ಒಂದೇ ವಿನಂತಿ, ಅನುಭವ ಬರೆಯುವಾಗ ಕಂಪನಿ ಹೆಸರು ಹಿಡಿದು ಬೈಯಬೇಡಿ. ಹೋದ ಸಲ ಟ್ರ್ಯಾಕ್ಟರ್ ಚರ್ಚೆ ಏನಾಯ್ತು ಅಂತ ಗೊತ್ತಲ್ವಾ, ಬೈದಾಟಕ್ಕೆ ಚರ್ಚೆಗೇ ಬೀಗ ಬಿತ್ತು.

ದುರ್ಗದಬೈಲ್ ತಿಂಡಿಪೋತ
ಜಿಯೋ ಹಾಕಿಸಿ. ಮುಗೀತು.

ಅಣ್ಣಿಗೇರಿ ಕಡಲಿ
ಮುಗೀತು ಅಂದ್ರೆ ಹೆಂಗ್ರಿ? ದುರ್ಗದಬೈಲ್‌ನಲ್ಲಿ ನಿಂತರೆ ಯಾವ ಸಿಮ್ಮಿಗಾದರೂ ಸಿಗ್ನಲ್ ಬರುತ್ತದೆ. ಅವರು ಕೇಳಿದ್ದು ಗುಡ್ಡದ ಬುಡದ ಊರಿನ ಬಗ್ಗೆ. ನಮ್ಮ ಹೊಲ ಅಣ್ಣಿಗೇರಿಯಿಂದ ಐದು ಕಿಲೋಮೀಟರ್, ಎರೆಭೂಮಿ, ಅಂಗೈಯಷ್ಟು ಸಪಾಟು, ಒಂದು ಗಿಡ ಅಡ್ಡ ಇಲ್ಲ. ಅಲ್ಲೇ ಒಂದು ಕಂಪನಿಯದು ಬದುವಿನ ಈ ಕಡೆ ಬರುತ್ತದೆ, ಆ ಕಡೆ ಬರಲ್ಲ. ಒಂದೂರಿನ ಉತ್ತರ ಇನ್ನೊಂದೂರಿಗೆ ನಡೆಯಲ್ಲ.

ದುರ್ಗದಬೈಲ್ ತಿಂಡಿಪೋತ
ಸರಿ ಸರ, ತಪ್ಪಾಯ್ತು. ಒಂದು ಪ್ಲೇಟ್ ಗಿರ್ಮಿಟ್ ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ.

ಟವರ್ ಹತ್ತಿದವ
ಏಳು ವರ್ಷ ಟವರ್ ಮೇಂಟೆನೆನ್ಸ್ ಕೆಲಸ ಮಾಡಿದ್ದೇನೆ. ಈಗ ಬಿಟ್ಟು ಗದಗದಲ್ಲಿ ಸಿಸಿಟಿವಿ ಹಾಕುತ್ತೇನೆ. ಯಾವ ಕಂಪನಿಯ ಋಣವೂ ಇಲ್ಲ, ಹಾಗಾಗಿ ಇದ್ದದ್ದು ಹೇಳಬಹುದು.

ಮೊದಲನೆಯದು, ಟವರ್ ಕಂಡ ಮಾತ್ರಕ್ಕೆ ಸಿಗ್ನಲ್ ಬರಬೇಕು ಅಂತಿಲ್ಲ. ಆ ಕಬ್ಬಿಣದ ಕಂಬ ಸಾಮಾನ್ಯವಾಗಿ ಒಬ್ಬರದು, ಅದರ ಮೇಲೆ ಎರಡು ಮೂರು ಕಂಪನಿ ಬಾಡಿಗೆಗೆ ಇರುತ್ತವೆ. ಪ್ರತಿ ಕಂಪನಿಯದೂ ಮಾಮೂಲಾಗಿ ಮೂರು ದಿಕ್ಕಿಗೆ ಮೂರು ಆಂಟೆನಾ. ನಿಮ್ಮ ಓಣಿ ಎರಡು ಆಂಟೆನಾದ ನಡುವಿನ ಮೂಲೆಗೆ ಬಿದ್ದರೆ ಟವರ್ ಬುಡದಲ್ಲೇ ಇದ್ದರೂ ಸಿಗ್ನಲ್ ಸೊರಗುತ್ತದೆ.

ಎರಡನೆಯದು ಬ್ಯಾಂಡ್, ಅಂದರೆ ಸಿಗ್ನಲ್ ಯಾವ ತರಂಗದಲ್ಲಿ ಬರುತ್ತದೆ ಅನ್ನೋದು. ನಿಮ್ಮ ಮನೆಗೆ ಇದೇ ಮುಖ್ಯ. ತರಂಗದ ಮೆಗಾಹರ್ಟ್ಸ್ ಸಂಖ್ಯೆ ಕಡಿಮೆ ಇದ್ದಷ್ಟು ದೂರ ಹೋಗುತ್ತದೆ, ಗೋಡೆಯನ್ನೂ ಒಂದಿಷ್ಟು ದಾಟುತ್ತದೆ. 700, 850, 900 ಮೆಗಾಹರ್ಟ್ಸ್ ಈ ಜಾತಿಯವು. 1800, 2100, 2300 ಇವು ವೇಗ ಕೊಡುತ್ತವೆ, ಆದರೆ ಎರಡು ಅಡಿ ಮಣ್ಣಿನ ಗೋಡೆ ಮುಂದೆ ಸುಸ್ತಾಗುತ್ತವೆ. 3300ರ 5ಜಿ ಅಂತೂ ನಿಮ್ಮ ಪಡಸಾಲೆ ದಾಟಿ ಅಡುಗೆ ಮನೆಗೆ ಬರುವುದು ಕಷ್ಟ. ಜಿಯೋ 4ಜಿ 850ರಲ್ಲಿ ಇದೆ, ಏರ್‌ಟೆಲ್ 900ರಲ್ಲಿ ಇದೆ, ಬಿಎಸ್‌ಎನ್‌ಎಲ್‌ನ ಹೊಸ 4ಜಿ 700ರಲ್ಲಿ ಇದೆ. ಆದರೆ ನಿಮ್ಮೂರಿನ ಟವರ್ ಮೇಲೆ ಯಾವ ಬ್ಯಾಂಡಿನ ಪೆಟ್ಟಿಗೆ ಕಟ್ಟಿದ್ದಾರೆ ಅನ್ನೋದೇ ಲೆಕ್ಕ. ಅದನ್ನು ಅಂಗಡಿಯವರೂ ಹೇಳಲ್ಲ, ಕಸ್ಟಮರ್ ಕೇರ್‌ನವರೂ ಹೇಳಲ್ಲ.

ಹಾಗಾಗಿ ಒಂದೇ ದಾರಿ. ಭಾನುವಾರ ಊರಿಗೆ ಹೋಗುವಾಗ ಮೂರ್ನಾಲ್ಕು ಕಂಪನಿ ಸಿಮ್ ಎರವಲು ತೆಗೆದುಕೊಂಡು ಹೋಗಿ. ಒಂದೇ ಫೋನಿಗೆ ಒಂದೊಂದಾಗಿ ಹಾಕಿ. ಬೇರೆ ಬೇರೆ ಫೋನಿನಲ್ಲಿ ನೋಡಿದರೆ ಫೋನಿನ ಗುಣ ಯಾವುದು, ಸಿಮ್ಮಿನ ಗುಣ ಯಾವುದು ಗೊತ್ತಾಗಲ್ಲ. ಸಿಗ್ನಲ್ ಕಡ್ಡಿ ಎಣಿಸಬೇಡಿ, ಒಬ್ಬೊಬ್ಬ ಫೋನ್ ಕಂಪನಿಯವರ ಕಡ್ಡಿ ಒಂದೊಂದು ಥರ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅಲ್ಲಿ ಸಿಮ್ ಸ್ಟೇಟಸ್ ಒತ್ತಿದರೆ ಸಿಗ್ನಲ್ ಸ್ಟ್ರೆಂತ್ ಅಂತ ಮೈನಸ್ ಅಂಕಿ ಬರುತ್ತದೆ. ಮೈನಸ್ 85, 90 ಇದ್ದರೆ ಮಸ್ತ್. 105ರ ತನಕ ನಡೆಯುತ್ತದೆ. 115 ದಾಟಿದರೆ ಮಾತು ಕಡಿಯುತ್ತದೆ.

ಮುಂಡರಗಿ ಮಾವ
ಕಪ್ಪತಗುಡ್ಡದ ಮೇಲಿನ ಗಾಳಿ ಫ್ಯಾನುಗಳೇ ಸಿಗ್ನಲ್ ಹೊಡೆದು ಹಾಕುತ್ತವೆ. ಫ್ಯಾನ್ ಬಂದ ಮೇಲೇ ನಮ್ಮ ಕಡೆ ನೆಟ್‌ವರ್ಕ್ ಹಾಳಾಗಿದ್ದು.

ಟವರ್ ಹತ್ತಿದವ
ಮಾವಾರೆ, ಫ್ಯಾನು ತಿರುಗಿದ್ದಕ್ಕೆ ಯಾರ ಫೋನೂ ಕಟ್ ಆಗಲ್ಲ. ಅಡ್ಡ ಬರೋದು ಗುಡ್ಡ. ಗುಡ್ಡದ ಆಚೆ ಟವರ್ ಇದ್ದರೆ ಈಚೆ ನೆರಳು ಬೀಳುತ್ತದೆ, ಬಿಸಿಲಿಗೆ ನೆರಳು ಬಿದ್ದ ಹಾಗೆ.

ಮುಂಡರಗಿ ಮಾವ
ಇರಬಹುದು. ಆದರೂ ನನಗೆ ಫ್ಯಾನಿನ ಮೇಲೇ ಅನುಮಾನ.

ಹಾನಗಲ್ ಗದ್ದೆ
ಎಲ್ಲರೂ ಖಾಸಗಿಯವರ ಹಿಂದೆ ಯಾಕೆ ಓಡುತ್ತೀರೋ. ಬಿಎಸ್‌ಎನ್‌ಎಲ್ 2025ರ ಸೆಪ್ಟೆಂಬರ್‌ನಲ್ಲಿ ದೇಶದ ತುಂಬ ನಮ್ಮದೇ ತಂತ್ರಜ್ಞಾನದ 4ಜಿ ಬಿಟ್ಟಿದೆ. ಸಿ-ಡಾಟ್, ತೇಜಸ್, ಟಿಸಿಎಸ್ ಸೇರಿ ಮಾಡಿದ್ದು. ಒಂದು ಲಕ್ಷಕ್ಕೆ ಹತ್ತಿರ ಟವರ್. 2024ರ ಜುಲೈನಲ್ಲಿ ಉಳಿದ ಮೂರೂ ಕಂಪನಿ ಒಂದೇ ವಾರದಲ್ಲಿ ದರ ಏರಿಸಿದಾಗ ಇವರೊಬ್ಬರೇ ಏರಿಸಲಿಲ್ಲ. ನಮ್ಮ ಮನೆಯಲ್ಲಿ ನಾಲ್ಕೂ ಸಿಮ್ ಅದೇ. ಭತ್ತದ ಗದ್ದೆ ನಡುವೆ ನಿಂತು ಮಗಳ ಜೊತೆ ವಿಡಿಯೋ ಕಾಲ್ ಮಾಡುತ್ತೇನೆ.

ಅಣ್ಣಿಗೇರಿ ಕಡಲಿ
ನಿಮ್ಮ ಗದ್ದೆಯಲ್ಲಿ ಬರುತ್ತದೆ, ಸಂತೋಷ. ನಾನು ದರ ಏರಿದಾಗ ಸಿಟ್ಟಿನಿಂದ ನಿಮ್ಮ ಕಂಪನಿಗೇ ಪೋರ್ಟ್ ಆದೆ, ಅಂದರೆ ನಂಬರ್ ಅದೇ, ಕಂಪನಿ ಬೇರೆ. ನಾಲ್ಕು ತಿಂಗಳಿಗೆ ವಾಪಸ್ ಬಂದೆ. ಸಿಟ್ಟಿನಲ್ಲಿ ಸಿಮ್ ಬದಲಿಸಬಾರದು ರೀ, ಮೊದಲು ಹೊಲದಲ್ಲಿ ನಿಂತು ನೋಡಬೇಕು.

ಹಾನಗಲ್ ಗದ್ದೆ
ಯಾವ ಫೋನಿನಲ್ಲಿ ಹಾಕಿದ್ದಿರಿ?

ಅಣ್ಣಿಗೇರಿ ಕಡಲಿ
2017ರಲ್ಲಿ ತೆಗೆದುಕೊಂಡದ್ದು. ಇನ್ನೂ ಚೆನ್ನಾಗಿದೆ, ಯಾಕೆ?

ಟವರ್ ಹತ್ತಿದವ
ತಪ್ಪು ಫೋನಿನದೂ ಇರಬಹುದು. 700 ಮೆಗಾಹರ್ಟ್ಸ್ ಅಂದರೆ ಬ್ಯಾಂಡ್ 28. ಆ ಕಾಲದ ಎಷ್ಟೋ ಫೋನುಗಳಲ್ಲಿ ಬ್ಯಾಂಡ್ 28 ಇರಲೇ ಇಲ್ಲ. ಊರಲ್ಲಿ 4ಜಿ ಇದ್ದರೂ ನಿಮ್ಮ ಫೋನಿಗೆ ಅದು ಕಾಣಿಸಲ್ಲ. ಪಾಪ, ಬೈಗುಳ ಸಿಮ್ಮಿಗೆ. ಗುಡ್ಡದ ಬುಡದವರೇ, ಹೊಸ ಸೆಟ್ ತಗೊಳ್ಳುವಾಗ ಬ್ಯಾಂಡ್ 28 ಇದೆಯಾ ಅಂತ ನೋಡಿ. ಜಿಯೋದ 5ಜಿಗೂ 700 ಬೇಕು.

ರೋಣದ ಶೇಂಗಾ
ಎಲ್ಲ ಸರಿ, ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ಇದೆಯಾ ನಿಮ್ಮ ಹೊಲದಲ್ಲಿ? ಅದರೊಳಗೂ ಒಂದು ಸಿಮ್ ಇರುತ್ತದೆ, ನೆನಪಿರಲಿ.

ಗುಡ್ಡದ ಬುಡದವ
ಅಯ್ಯೋ, ಮರೆತೇ ಬಿಟ್ಟಿದ್ದೆ. ಇದೆ. ರಾತ್ರಿ ತ್ರೀ ಫೇಸ್ ಬಂದಾಗ ಅಪ್ಪ ಹಾಸಿಗೆಯಲ್ಲಿ ಮಲಗಿಕೊಂಡೇ ಮಿಸ್ಡ್ ಕಾಲ್ ಕೊಟ್ಟು ಮೋಟಾರ್ ಚಾಲೂ ಮಾಡುತ್ತಾರೆ. ಅಂದರೆ ಮಾಳಿಗೆ ಹತ್ತಿ ಮಿಸ್ಡ್ ಕಾಲ್ ಕೊಟ್ಟು, ಆಮೇಲೆ ಇಳಿದು ಮಲಗುತ್ತಾರೆ.

ರೋಣದ ಶೇಂಗಾ
ಹಂಗಾದ್ರೆ ಕೇಳಿ. ನಾನು ಮೂರು ವರ್ಷದ ಹಿಂದೆ ಮನೆಯ ಎಲ್ಲ ಸಿಮ್ಮುಗಳ ಜೊತೆ ಸ್ಟಾರ್ಟರ್ ಸಿಮ್ಮೂ ಜಿಯೋ ಮಾಡಿಸಿದೆ, ಲೆಕ್ಕ ಒಂದೇ ಕಡೆ ಇರಲಿ ಅಂತ. ಮೋಟಾರ್ ಚಾಲೂ ಆಗಲೇ ಇಲ್ಲ. ಸ್ಟಾರ್ಟರ್ ಕೆಟ್ಟಿದೆ ಅಂತ ಬಿಚ್ಚಿಸಿದೆ, ಮೆಕ್ಯಾನಿಕ್ 600 ರೂಪಾಯಿ ತಗೊಂಡ. ಆಮೇಲೆ ಅವನೇ ನಕ್ಕು ಹೇಳಿದ, ಸ್ಟಾರ್ಟರ್ 2ಜಿಯದು, ಜಿಯೋಗೆ 2ಜಿ ಇಲ್ಲವೇ ಇಲ್ಲ ಅಂತ. ಅವರದು 2016ರಲ್ಲಿ ಶುರುವಾದದ್ದೇ 4ಜಿಯಿಂದ. ತಪ್ಪು ನನ್ನದೇ, ಅವರದಲ್ಲ. ಅಷ್ಟರಲ್ಲಿ ನನ್ನ ಒಂದು ಎಕರೆ ಮೆಣಸಿನಗಿಡ ಬಾಡಿ ನಿಂತಿತ್ತು. ಈಗ 4ಜಿ ಸ್ಟಾರ್ಟರ್ ಬಂದಿವೆ, ಹಳೆಯದಿದ್ದರೆ 2ಜಿ ಇರುವ ಸಿಮ್ಮೇ ಬೇಕು.

ಕೆಲಗೇರಿ ಕೆರೆದಂಡೆ
ಮಿಸ್ಡ್ ಕಾಲ್ ತಾನೇ? ಸ್ಟಾರ್ಟರ್ ಸಿಮ್ಮಿಗೆ ರೀಚಾರ್ಜ್ ಯಾಕೆ?

ರೋಣದ ಶೇಂಗಾ
ವ್ಯಾಲಿಡಿಟಿ ಮುಗಿದರೆ ಕೆಲವು ದಿನಕ್ಕೆ ಒಳಬರುವ ಕರೆಯೂ ಬಂದ್ ಆಗುತ್ತದೆ ಅಣ್ಣಾ. ಮೋಟಾರಿಗೂ ತಿಂಗಳಾ ತಿಂಗಳಾ ಪಗಾರ.

ಲೆಕ್ಕದ ಮೇಷ್ಟ್ರು, ರಾಣೆಬೆನ್ನೂರು
ತಿಂಗಳಾ ತಿಂಗಳಾ ಅಲ್ಲ, 28 ದಿನಕ್ಕೊಮ್ಮೆ. ಅದೇ ತಮಾಷೆ. ವರ್ಷಕ್ಕೆ 12 ಸಲ ಅಂತ ನಾವು ಅಂದುಕೊಳ್ಳುತ್ತೇವೆ, 28ರ ಲೆಕ್ಕಕ್ಕೆ 13 ಸಲ ಆಗುತ್ತದೆ. ಪಗಾರ ಕೊಡುವವರು 28 ದಿನಕ್ಕೆ ಕೊಡುತ್ತಾರಾ? 2022ರಲ್ಲಿ ಟ್ರಾಯ್, ಅಂದರೆ ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ, ಹೇಳಿದ ಮೇಲೆ 30 ದಿನದ ಪ್ಲಾನೂ ಇಡುತ್ತಾರೆ, ಆದರೆ ಅಂಗಡಿಯಲ್ಲಿ ಕೇಳದೆ ಯಾರೂ ತೋರಿಸಲ್ಲ.

ನಿಮ್ಮ ಅವ್ವನಿಗೆ, ಸ್ಟಾರ್ಟರಿಗೆ ಡೇಟಾ ಬೇಡ ಅಲ್ವಾ? 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಇನ್ನೊಂದು ಒಳ್ಳೆ ಕೆಲಸ ಮಾಡಿತು, ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಅಂತ. ಮುಂದಿನ ತಿಂಗಳೇ ಬಂದವು. 2025ರ ಜನವರಿ ಕೊನೆಯ ದರ ಹೇಳುತ್ತೇನೆ, ರೀಚಾರ್ಜ್ ಮಾಡುವ ಮುಂಚೆ ಈಗಿನದು ನೋಡಿಕೊಳ್ಳಿ. ಏರ್‌ಟೆಲ್ 365 ದಿನಕ್ಕೆ 1849 ರೂಪಾಯಿ. ಜಿಯೋ 1748.

ದುರ್ಗದಬೈಲ್ ತಿಂಡಿಪೋತ
ನೋಡಿ, ಜಿಯೋ 101 ರೂಪಾಯಿ ಅಗ್ಗ. ನಾನು ಮೊದಲೇ ಹೇಳಿದ್ದೆ.

ಲೆಕ್ಕದ ಮೇಷ್ಟ್ರು, ರಾಣೆಬೆನ್ನೂರು
ತಮ್ಮಾ, ಪೂರ್ತಿ ಓದು. ಅದು 336 ದಿನದ್ದು, 28ರ ಹನ್ನೆರಡು ಪಟ್ಟು. ದಿನಕ್ಕೆ 5 ರೂಪಾಯಿ 20 ಪೈಸೆ ಬೀಳುತ್ತದೆ. ಏರ್‌ಟೆಲ್‌ನದು ದಿನಕ್ಕೆ 5 ರೂಪಾಯಿ 7 ಪೈಸೆ. ನನ್ನ ಎಂಟನೇ ಕ್ಲಾಸಿನ ಹುಡುಗರಿಗೆ ಇದನ್ನೇ ಲೆಕ್ಕ ಕೊಟ್ಟಿದ್ದೆ, ಅರ್ಧ ಕ್ಲಾಸು ನಿನ್ನ ಹಾಗೇ ಉತ್ತರ ಬರೆದಿತ್ತು.

ದುರ್ಗದಬೈಲ್ ತಿಂಡಿಪೋತ
ಇನ್ನೊಂದು ಪ್ಲೇಟ್ ಗಿರ್ಮಿಟ್. ಬರೆದುಕೊಳ್ಳಿ.

ಬೆಟಗೇರಿ ಮಗ್ಗದ ಅಕ್ಕ
ಎಲ್ಲರೂ ಅವ್ವನಿಗೆ ಕೀಪ್ಯಾಡ್ ಅಂತ ನೀವೇ ತೀರ್ಮಾನ ಮಾಡಿಬಿಟ್ಟಿರಿ. ಅವರನ್ನು ಕೇಳಿದಿರಾ?

ನಮ್ಮ ಅತ್ತೆಗೆ 70 ದಾಟಿದೆ. ಮಗ ಕೀಪ್ಯಾಡ್ ತಂದುಕೊಟ್ಟ, ಅವರಿಗೆ ಟಚ್ ತಿಳಿಯಲ್ಲ ಅಂತ. ಒಂದು ವರ್ಷ ಅತ್ತೆ ಅದನ್ನು ಮುಟ್ಟಲಿಲ್ಲ. ಸಂದೇಶ ಬಂದರೆ ಇಂಗ್ಲಿಷ್, ಮೆನು ಇಂಗ್ಲಿಷ್, ಯಾರ ಹೆಸರಿನ ಮೇಲೆ ಒತ್ತಬೇಕು ಗೊತ್ತಾಗುತ್ತಿರಲಿಲ್ಲ. ಆಮೇಲೆ ನನ್ನ ಹಳೇ ಟಚ್ ಫೋನು ಕೊಟ್ಟೆ. ಭಾಷೆ ಕನ್ನಡ ಮಾಡಿದೆ, ಅಕ್ಷರ ದೊಡ್ಡದು ಮಾಡಿದೆ, ಮೊದಲ ಪುಟದಲ್ಲಿ ನಾಲ್ಕು ಮಕ್ಕಳ ಫೋಟೋ ಇಟ್ಟೆ, ಫೋಟೋ ಒತ್ತಿದರೆ ನೇರ ಫೋನ್ ಹೋಗುವ ಹಾಗೆ. ಅವರಿಗೆ ಓದಲು ಬರಲ್ಲ, ಆದರೆ ಮೈಕ್ ಒತ್ತಿ ಭಜನೆ ಪದ ಹುಡುಕುತ್ತಾರೆ. ಈಗ ಮಗ್ಗದ ಸಪ್ಪಳಕ್ಕಿಂತ ಅವರ ಫೋನಿನ ಸಪ್ಪಳ ಜೋರು.

ಕೆಲಗೇರಿ ಕೆರೆದಂಡೆ
ಅಕ್ಕಾರು ಹೇಳಿದ್ದು ಖರೆ. ಮತ್ತೆ ಮಾಡದಲ್ಲಿ ಫೋನಿಟ್ಟು ಕೂಗುವ ಅವ್ವನಿಗೆ ಬೇಕಾದದ್ದು ಜೋರು ಸ್ಪೀಕರ್. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಅಂಗಡಿಯವ ಹೇಳುತ್ತಾನೆ, ಸ್ಪೀಕರ್ ಎಷ್ಟು ಜೋರು ಅಂತ ಹೇಳಲ್ಲ. ಅಂಗಡಿಯಲ್ಲೇ ರಿಂಗ್ ಮಾಡಿಸಿ ಕೇಳಿ.

ಬ್ಯಾಡಗಿ ರಿಪೇರಿ
ಫೋನ್ ರಿಪೇರಿ ಮಾಡುವವನಾಗಿ ನಾಲ್ಕು ಮಾತು.

ನಮ್ಮಲ್ಲಿ ಸೀಸನ್‌ನಲ್ಲಿ ಬರುವ ಫೋನುಗಳಲ್ಲಿ ಚಾರ್ಜಿಂಗ್ ಪೋರ್ಟ್ ತೆಗೆದರೆ ಒಳಗೆ ಕೆಂಪು ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಮೆಣಸಿನಕಾಯಿ ಧೂಳು. ಬ್ರಷ್ ಹಾಕಿದರೆ ನನಗೂ ಸೀನು, ಗಿರಾಕಿಗೂ ಸೀನು, ಪಕ್ಕದ ಚಹಾ ಅಂಗಡಿಯವನಿಗೂ ಸೀನು. ಆಮೇಲೆ ಮರೆತು ಕಣ್ಣು ಉಜ್ಜಿಕೊಂಡರೆ ಆವತ್ತಿನ ಅಂಗಡಿ ಬಂದ್. ಹಾಗಾಗಿ ಹೊಲ, ಮಾರ್ಕೆಟ್ ಅಂತ ಓಡಾಡುವವರು ಐಪಿ ರೇಟಿಂಗ್ ನೋಡಿ. ಐಪಿ54 ಇದ್ದರೆ ಧೂಳು, ನೀರಿನ ಹನಿ ತಡೆಯುತ್ತದೆ. ಕಲ್ಲುಬಾನಿಯಲ್ಲಿ ಮುಳುಗಿಸಿದರೆ ತಡೆಯಲ್ಲ, ಅದಕ್ಕೆ ಐಪಿ67 ಇಲ್ಲವೇ ಐಪಿ68 ಬೇಕು, ನಿಮ್ಮ ಬಜೆಟ್ಟಿಗೆ ಸಿಗೋದು ಕಷ್ಟ. ಮತ್ತೆ ನೀರಿಗೆ ಬಿದ್ದ ಫೋನು ಅಕ್ಕಿಯಲ್ಲಿ ಇಡಬೇಡಿ. ಅಕ್ಕಿ ಏನೂ ಹೀರಲ್ಲ, ಅದರ ಹಿಟ್ಟು ಪೋರ್ಟಿನೊಳಗೆ ಹೋಗಿ ಅಂಟುತ್ತದೆ. ಸ್ವಿಚ್ ಆಫ್ ಮಾಡಿ, ಚಾರ್ಜಿಗೆ ಹಾಕದೆ ಗಾಳಿಗೆ ಇಟ್ಟು ರಿಪೇರಿಗೆ ತನ್ನಿ.

ಬೆರಳಚ್ಚು ನಂಬಬೇಡಿ. ಹತ್ತಿ ಬಿಡಿಸಿದ, ಕುಂಟಿ ಹಿಡಿದ ಕೈಯ ಗೆರೆ ಸವೆದಿರುತ್ತದೆ, ಫೋನು ಹತ್ತರಲ್ಲಿ ಎಂಟು ಸಲ ಒಲ್ಲೆ ಅನ್ನುತ್ತದೆ. ರೇಷನ್ ಅಂಗಡಿ ಮಷಿನ್ನಿನದೂ ಇದೇ ಗೋಳು ಅಲ್ವಾ? ಪ್ಯಾಟರ್ನ್ ಇಡಿ.

ಆಮೇಲೆ "8 ಪ್ಲಸ್ 8 ಜಿಬಿ ರ್‍ಯಾಮ್" ಅಂತ ಬರೆದಿದ್ದರೆ ಖರೆ ರ್‍ಯಾಮ್ ಎಂಟೇ. ಇನ್ನೊಂದು ಎಂಟು ಸ್ಟೋರೇಜ್‌ನಿಂದ ಎರವಲು ತಂದದ್ದು, ವೇಗದಲ್ಲಿ ಅದಕ್ಕೆ ಸಾಟಿ ಅಲ್ಲ. ಬ್ಯಾಟರಿ 5000 ಎಂಎಎಚ್‌ಗೆ ಕಡಿಮೆ ಬೇಡ. ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಾರೆ ಕೇಳಿ. ಸ್ಯಾಮ್‌ಸಂಗ್ ಎ16 5ಜಿಗೆ ಆರು ವರ್ಷ ಅಂತ ಹೇಳಿದೆ. ಅಗ್ಗದ ಎಷ್ಟೋ ಸೆಟ್ಟುಗಳಿಗೆ ಎರಡು ವರ್ಷ ಸಿಕ್ಕರೆ ಪುಣ್ಯ.

ಧಾರವಾಡ ಮಳಿ
ಹುಬ್ಬಳ್ಳಿಯಲ್ಲಿ ತಗೋಬೇಡಿ, ಧಾರವಾಡಕ್ಕೆ ಬನ್ನಿ. ಸುಭಾಸ್ ರೋಡಿನಲ್ಲಿ ಸಮಾಧಾನದಿಂದ ತೋರಿಸುತ್ತಾರೆ.

ದುರ್ಗದಬೈಲ್ ತಿಂಡಿಪೋತ
ಸಮಾಧಾನದಿಂದ ತೋರಿಸುತ್ತಾರೆ, ಯಾಕಂದರೆ ಮಧ್ಯಾಹ್ನ ಮಲಗಿ ಎದ್ದಿರುತ್ತಾರೆ. 😄

ಧಾರವಾಡ ಮಳಿ
ನಿಮ್ಮಲ್ಲಿ ಕೊಪ್ಪೀಕರ ರೋಡಿನ ಒಂದು ಅಂಗಡಿಯಲ್ಲಿ ಸ್ಕ್ರೀನ್ ಗ್ಲಾಸು, ಕವರು, ಇನ್ಶೂರೆನ್ಸು ಅಂತ ಬಿಲ್ಲಿಗೆ 1100 ಸೇರಿಸಿದರು, ಕೇಳಲೂ ಇಲ್ಲ. ನಮ್ಮವರು ಮಲಗಿ ಏಳಲಿ, ಬಿಲ್ಲು ಸರಿ ಬರೆಯುತ್ತಾರೆ. ಚಿಗರಿ ಬಸ್ ಹತ್ತಿದರೆ ಮುಕ್ಕಾಲು ತಾಸು, ಪೇಡೆನೂ ಆಯ್ತು.

ಗುಡ್ಡದ ಬುಡದವ
ಅಣ್ಣಾರೆ, ಹುಬ್ಬಳ್ಳಿ ಧಾರವಾಡ ಜಗಳ ಬೇರೆ ಕಡೆ ಆಡಿ. 🙏 ಸೆಕೆಂಡ್ ಹ್ಯಾಂಡ್ ಹೇಗೆ? ಒಬ್ಬರು ಒಳ್ಳೇ ಸೆಟ್ 7 ಸಾವಿರಕ್ಕೆ ಕೊಡುತ್ತೇನೆ ಅಂತಿದ್ದಾರೆ.

ಬ್ಯಾಡಗಿ ರಿಪೇರಿ
ದುಡ್ಡು ಕೊಡುವ ಮುಂಚೆ *#06# ಒತ್ತಿ. 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್, ಬರುತ್ತದೆ. ಕೆವೈಎಂ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಸಂದೇಶ ಕಳಿಸಿ. ಯಾವ ಕಂಪನಿ, ಯಾವ ಮಾಡೆಲ್, ಕಳವಿನದು ಅಂತ ಬ್ಲಾಕ್ ಆಗಿದೆಯಾ ಎಲ್ಲ ಬರುತ್ತದೆ. ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲೂ ನೋಡಬಹುದು. ಕೈಯಲ್ಲಿರುವುದು ಒಂದು ಮಾಡೆಲ್, ಸಂದೇಶದಲ್ಲಿ ಇನ್ನೊಂದು ಬಂದರೆ ಅಲ್ಲಿಂದ ಎದ್ದು ಬನ್ನಿ. ಬಿಲ್ಲು, ಡಬ್ಬಿ ಇಲ್ಲದೆ ತಗೋಬೇಡಿ.

ಸವಣೂರು ಎಲೆ
ಇಷ್ಟೆಲ್ಲ ಓದಿ ತಲೆ ಗಿರ್ ಅಂತು. ಒಂದು ಕಾಲದಲ್ಲಿ ಆಯ್ಕೆನೇ ಇರಲಿಲ್ಲ. ಸ್ಪೈಸ್ ಇತ್ತು, ಏರ್‌ಟೆಲ್ ಇತ್ತು, ಹಚ್ ಇತ್ತು. 2003ರಲ್ಲಿ ರಿಲಯನ್ಸ್‌ನವರು 501 ರೂಪಾಯಿ ಕಟ್ಟಿಸಿಕೊಂಡು ಸೆಟ್ ಕೊಟ್ಟಾಗ ಊರಿಗೆ ಊರೇ ಸಾಲು ನಿಂತಿತ್ತು. ಒಳಬರುವ ಕರೆಗೂ ದುಡ್ಡು ಕಟ್ಟಿದ ತಲೆಮಾರು ನಮ್ಮದು. ನನ್ನ ನೋಕಿಯಾ 1100 ಇನ್ನೂ ಇದೆ, ಟಾರ್ಚ್ ಹತ್ತುತ್ತದೆ. ರಾತ್ರಿ ಎಲೆಬಳ್ಳಿ ತೋಟಕ್ಕೆ ಹೋಗುವಾಗ ಅದನ್ನೇ ಒಯ್ಯುತ್ತೇನೆ, ಸಿಮ್ ಇಲ್ಲದೆ.

ಅಣ್ಣಿಗೇರಿ ಕಡಲಿ
1100! ಎತ್ತಿನ ಗಾಡಿ ಗಾಲಿ ಹಾಯ್ದರೂ ಏನೂ ಆಗಿರಲಿಲ್ಲ ನನ್ನದಕ್ಕೆ.

ಬೆಟಗೇರಿ ಮಗ್ಗದ ಅಕ್ಕ
ನಂಬರ್ ಬದಲಿಸಬೇಡಿ, ಪೋರ್ಟ್ ಮಾಡಿ. ಇದನ್ನು ಯಾರೂ ಹೇಳಲಿಲ್ಲ. ಅಪ್ಪನ ನಂಬರ್ ಆಧಾರಿಗೆ, ಬ್ಯಾಂಕಿಗೆ, ಬೆಳೆ ವಿಮೆಗೆ, ಗ್ಯಾಸಿಗೆ ಎಲ್ಲಕ್ಕೂ ಸೇರಿರುತ್ತದೆ. ನಮ್ಮ ಓಣಿಯಲ್ಲಿ ಒಬ್ಬರು ಹೊಸ ಸಿಮ್ ಫ್ರೀ ಸಿಕ್ಕಿತು ಅಂತ ಹಳೆಯದನ್ನು ಬಿಸಾಕಿದರು. ಮೂರು ತಿಂಗಳಾದ ಮೇಲೆ ಪಿಂಚಣಿ ಕೆಲಸಕ್ಕೆ ಒಟಿಪಿ ಬೇಕಾಯಿತು. ಆ ನಂಬರ್ ಅಷ್ಟರಲ್ಲಿ ಬಂದ್ ಆಗಿತ್ತು. ಆಧಾರ್ ಕೇಂದ್ರಕ್ಕೆ ನಾಲ್ಕು ಸಲ ತಿರುಗಿದರು.

ಲೆಕ್ಕದ ಮೇಷ್ಟ್ರು, ರಾಣೆಬೆನ್ನೂರು
ಬರೋಬ್ಬರಿ ಹೇಳಿದಿರಿ ಅಕ್ಕಾರೆ. ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಹತ್ತಂಕಿ ನಂಬರ್ ಹಾಕಿ 1900ಕ್ಕೆ ಕಳಿಸಬೇಕು. ಎಂಟು ಅಕ್ಷರದ ಕೋಡ್ ಬರುತ್ತದೆ, ನಮ್ಮ ಕಡೆ ಅದಕ್ಕೆ ನಾಲ್ಕು ದಿನ ಆಯುಷ್ಯ. ಅದನ್ನೂ ಆಧಾರನ್ನೂ ಹಿಡಿದು ಹೊಸ ಕಂಪನಿ ಅಂಗಡಿಗೆ ಹೋದರೆ ಮೂರು ಕೆಲಸದ ದಿನದಲ್ಲಿ ಆಗಬೇಕು. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. 2024ರ ಜುಲೈನಿಂದ ಇನ್ನೊಂದು ನಿಯಮ ಇದೆ. ಕಳೆದ ಸಿಮ್ಮಿಗೆ ಬದಲಿ ತಗೊಂಡಿದ್ದರೆ ಏಳು ದಿನ ಪೋರ್ಟ್ ಮಾಡಲು ಬಿಡಲ್ಲ, ಮೋಸ ತಡೆಯಲು. ಆ ಎಂಟಕ್ಷರದ ಕೋಡನ್ನು ಫೋನ್ ಮಾಡಿ ಕೇಳುವವರಿಗೆ ಕೊಡಬೇಡಿ. ಇನ್ನೊಬ್ಬರ ಕೈಗೆ ನಂಬರ್ ಹೋದರೆ ಒಟಿಪಿನೂ ಅವರಿಗೇ ಹೋಗುತ್ತದೆ.

ಹಾನಗಲ್ ಗದ್ದೆ
ಪೋರ್ಟ್ ಕೋಡ್ ಕೇಳಿದ ತಕ್ಷಣ ಹಳೇ ಕಂಪನಿಯಿಂದ ಎಷ್ಟು ಪ್ರೀತಿಯ ಫೋನ್ ಬರುತ್ತವೆ ನೋಡಿ. ಹತ್ತು ವರ್ಷ ತಿರುಗಿಯೂ ನೋಡದವರು "ಸರ್ ಏನು ತೊಂದರೆ" ಅಂತ ಕೇಳುತ್ತಾರೆ. ನಾನು ಅರ್ಧ ತಾಸು ತೊಂದರೆ ಹೇಳಿದೆ.

ಸವಣೂರು ಎಲೆ
😂 ಮದುವೆ ಮುರಿಯುವಾಗ ಹಿರಿಯರು ಕೂಡಿದ ಹಾಗೆ.

ಕೆಲಗೇರಿ ಕೆರೆದಂಡೆ
ಇಷ್ಟೆಲ್ಲ ಯಾಕೆ? ಆನ್‌ಲೈನ್‌ನಲ್ಲಿ 3 ಸಾವಿರಕ್ಕೆ ಸಿಗ್ನಲ್ ಬೂಸ್ಟರ್ ಸಿಗುತ್ತದೆ. ಮಾಳಿಗೆ ಮೇಲೆ ಇಟ್ಟರೆ ಮುಗೀತು.

ಟವರ್ ಹತ್ತಿದವ
ದಯವಿಟ್ಟು ಬೇಡ. ಅನುಮತಿ ಇಲ್ಲದೆ ಬೂಸ್ಟರ್ ಇಡೋದು ಕಾನೂನಿಗೆ ವಿರುದ್ಧ. ನಿಮ್ಮ ಮನೆಗೆ ಸಿಗ್ನಲ್ ಬಂತು ಅಂತ ನಿಮಗೆ ಖುಷಿ, ಆದರೆ ಅದರ ಗದ್ದಲಕ್ಕೆ ಅಕ್ಕಪಕ್ಕದ ಓಣಿಯವರ ಫೋನು ಕಟ್ ಆಗುತ್ತದೆ. ಅಂಥ ಡಬ್ಬಿ ಹುಡುಕಿಕೊಂಡು ನಾವು ಎಷ್ಟೋ ಮಾಳಿಗೆ ಹತ್ತಿದ್ದೇವೆ. ಮನೆಗೆ ಫೈಬರ್ ಸಿಗುವ ಹಾಗಿದ್ದರೆ ವೈಫೈ ಕಾಲಿಂಗ್ ನೋಡಿ. ಫೋನಿನಲ್ಲಿ ಅದನ್ನು ಆನ್ ಮಾಡಿದರೆ ಸಿಗ್ನಲ್ ಇಲ್ಲದಿದ್ದರೂ ಮಾಮೂಲಿ ಕರೆ ವೈಫೈ ಮೇಲೆ ಹೋಗುತ್ತದೆ.

ಗುಡ್ಡದ ಬುಡದವ
ಫೈಬರ್ ಪಂಚಾಯತಿ ಆಫೀಸಿನ ತನಕ ಬಂದು ನಿಂತಿದೆ. ಅವ್ವನ ಅಡುಗೆ ಮನೆಗೆ ಬರುವ ಹೊತ್ತಿಗೆ ನನಗೆ ರಿಟೈರ್ಮೆಂಟ್.

ಧಾರವಾಡ ಮಳಿ
ಒಂದು ಪ್ರಶ್ನೆ. ಸಿದ್ಧಾರೂಢ ಮಠದ ತೇರಿನ ದಿನ ಪೂರ್ತಿ ಕಡ್ಡಿ ಇದ್ದರೂ ಫೋನ್ ಯಾಕೆ ಹೋಗಲ್ಲ? ಹೋದ ಶಿವರಾತ್ರಿಯ ಮರುದಿನ ಅಲ್ಲಿ ಹೆಂಡತಿಯನ್ನು ಕಳೆದುಕೊಂಡು ಒಂದೂವರೆ ತಾಸು ಹುಡುಕಿದೆ.

ಟವರ್ ಹತ್ತಿದವ
ಕಡ್ಡಿ ಹೇಳೋದು ಟವರಿನ ಧ್ವನಿ ನಿಮಗೆ ಎಷ್ಟು ಕೇಳುತ್ತದೆ ಅಂತ. ಟವರಿಗೆ ಪುರಸೊತ್ತು ಇದೆಯಾ ಅಂತ ಹೇಳಲ್ಲ. ಸಾವಿರಾರು ಮಂದಿ ಒಟ್ಟಿಗೆ ತೇರಿನ ವಿಡಿಯೋ ಕಳಿಸುತ್ತಿರುತ್ತಾರೆ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಸೋಮವಾರ, ಗುರುವಾರ ಇದೇ ಕಥೆ. ಹೆಂಡತಿ ಎಲ್ಲಿ ಸಿಕ್ಕರು?

ಧಾರವಾಡ ಮಳಿ
ಬಳೆ ಅಂಗಡಿಯಲ್ಲಿ. ಮೊದಲೇ ಅಲ್ಲಿ ನೋಡಬೇಕಿತ್ತು.

ಗುಡ್ಡದ ಬುಡದವ
ಭಾನುವಾರ ಊರಿಗೆ ಹೋಗಿ ಬಂದೆ. ವರದಿ ಒಪ್ಪಿಸುತ್ತೇನೆ.

ಮೂರು ಸಿಮ್ ಒಯ್ದಿದ್ದೆ. ನನ್ನದು ಒಂದು, ರೂಮ್‌ಮೇಟಿನದು ಒಂದು, ಕಾಕಾನ ಮಗನದು ಒಂದು. ಟವರ್ ಅಣ್ಣ ಹೇಳಿದ ಹಾಗೆ ಒಂದೇ ಫೋನಿಗೆ ಹಾಕಿ ಮನೆಯೆಲ್ಲ ತಿರುಗಿದೆ. ಪಡಸಾಲೆ, ದೇವರ ಕೋಣೆ, ಅಡುಗೆ ಮನೆ, ಹೊರಗಿನ ಕಟ್ಟೆ, ಬೋರಿನ ಹತ್ತಿರ. ನಾನು ಗೋಡೆ ಗೋಡೆಗೆ ಫೋನು ಹಿಡಿದು ಅಂಕಿ ಬರೆಯುವುದು ನೋಡಿ ಪಕ್ಕದ ಮನೆ ಆಯಿ "ಮನಿ ಮಾರ್ತೀರೇನೋ ತಮ್ಮಾ" ಅಂತ ಕೇಳಿದರು.

ಹೆಸರು ಹೇಳಲ್ಲ, ನಿಮ್ಮೂರಲ್ಲಿ ಉಲ್ಟಾ ಇರಬಹುದು. ಮೊದಲನೆಯದು ಕಟ್ಟೆ ಮೇಲೆ ಮೈನಸ್ 88, ಇಂಟರ್ನೆಟ್ ಓಡುತ್ತದೆ. ಅಡುಗೆ ಮನೆಗೆ ಕಾಲಿಟ್ಟರೆ 119, ಸತ್ತೇ ಹೋಯಿತು. ಎರಡನೆಯದು ಕಟ್ಟೆ ಮೇಲೆ 97, ವೇಗ ಅಷ್ಟಕ್ಕಷ್ಟೇ, ಆದರೆ ಅಡುಗೆ ಮನೆಯಲ್ಲೂ 104. ಮಾಡದಲ್ಲಿ ಇಡದೆ, ಸ್ಪೀಕರ್ ಹಾಕದೆ ಅವ್ವ ಮಾತಾಡಿದಳು. ಮೂರನೆಯದು ನಡುವೆ ಎಲ್ಲೋ. ಎರಡನೆಯದೇ ಅಂತ ತೀರ್ಮಾನ ಮಾಡುವಷ್ಟರಲ್ಲಿ ಕರೆಂಟ್ ಹೋಯಿತು. ಇಪ್ಪತ್ತು ನಿಮಿಷಕ್ಕೆ ಅದರ ಟವರ್ ಬಂದ್! ಮೂರನೆಯದು ಹಾಗೇ ನಿಂತಿತ್ತು. ನಮ್ಮೂರಲ್ಲಿ ಕರೆಂಟ್ ಹೋಗೋದು ಅಂದ್ರೆ ಊಟ ಮಾಡಿದಷ್ಟೇ ಮಾಮೂಲು. ಹಾಗಾಗಿ ಡ್ಯುಯಲ್ ಸಿಮ್ ಸೆಟ್, ಎರಡನೆಯದಕ್ಕೆ ಅಪ್ಪನ ನಂಬರ್ ಪೋರ್ಟ್, ಮೂರನೆಯದರ ಹೊಸ ಸಿಮ್ಮಿಗೆ ಕಡಿಮೆ ದರದ ಪ್ಯಾಕ್. ಸ್ಟಾರ್ಟರ್ ಸಿಮ್ ಮುಟ್ಟಲಿಲ್ಲ.

ಇನ್ನು ಸೆಟ್. ಟಚ್ ಫೋನು 11 ಸಾವಿರದ್ದು, ಬ್ಯಾಂಡ್ 28 ಇದೆ, ಐಪಿ54 ಇದೆ. 4ಜಿ ಕೀಪ್ಯಾಡ್ ಎರಡೂವರೆ ಸಾವಿರದ್ದು. ಅಪ್ಪನ ಕೈಗೆ ಟಚ್ ಕೊಟ್ಟೆ. ಒಂದು ತಾಸು ಒದ್ದಾಡಿದರು. ಬೆರಳು ಬಿರುಕು ಬಿಟ್ಟಿದೆ, ಒತ್ತಿದ ಕಡೆ ಬಿಟ್ಟು ಬೇರೆ ಕಡೆ ತೆರೆಯುತ್ತದೆ, ಒಂದು ಸಲ ಅರಿಯದೆ ನಮ್ಮ ಬೀಗರಿಗೇ ವಿಡಿಯೋ ಕಾಲ್ ಹೋಯಿತು, ಅಪ್ಪ ಬನಿಯನ್ನಿನಲ್ಲಿದ್ದರು. "ಇದು ನನಗ ಬ್ಯಾಡ" ಅಂತ ಪಕ್ಕಕ್ಕಿಟ್ಟು ಕೀಪ್ಯಾಡ್ ಎತ್ತಿಕೊಂಡರು. ಅವ್ವ ಸುಮ್ನೆ ಕೈ ಒರೆಸಿಕೊಂಡು ಬಂದು ಟಚ್ ತಗೊಂಡು, ಮೈಕ್ ಒತ್ತಿ, ನನ್ನ ಅಕ್ಕನ ಹೆಸರು ಹೇಳಿ ಫೋನ್ ಹಚ್ಚಿದಳು. ಯಾರು ಕಲಿಸಿದರು ಅಂದರೆ, ಸಂಘದ ಮೀಟಿಂಗಿನಲ್ಲಿ ಎಲ್ಲರೂ ಹಂಗೇ ಮಾಡ್ತಾರ ಅಂದಳು. ಎರಡೂ ಸಿಮ್ ಟಚ್‌ನಲ್ಲೇ ಇವೆ, ಅಪ್ಪನಿಗೆ ಅವ್ವನ ಹಳೇ ನಂಬರ್. ಪೋರ್ಟ್ ಇನ್ನೆರಡು ದಿನಕ್ಕೆ ಆಗುತ್ತದಂತೆ.

ಬೆಟಗೇರಿ ಮಗ್ಗದ ಅಕ್ಕ
ನಾನು ಕೇಳಿದ್ದೆ, ಅವರನ್ನು ಕೇಳಿದಿರಾ ಅಂತ.

ಲೆಕ್ಕದ ಮೇಷ್ಟ್ರು, ರಾಣೆಬೆನ್ನೂರು
11 ಸಾವಿರ, ಎರಡೂವರೆ ಸಾವಿರ, ಒಟ್ಟು 13,500. ಇನ್ನೂ 1500 ಉಳಿಯಿತು. ಅಪ್ಪನ ಸಿಮ್ಮಿಗೆ 1849ರ ವರ್ಷದ ಪ್ಯಾಕ್ ಅಂದರೆ 349 ಕಡಿಮೆ ಬೀಳುತ್ತದೆ, ಅಷ್ಟು ಜೇಬಿನಿಂದ ಹಾಕಿ.

ಟವರ್ ಹತ್ತಿದವ
ಅಪ್ಪನದು ಈಗಲೂ ಹಳೇ ಕಂಪನಿ ಸಿಮ್ಮೇ ಅಲ್ವಾ? ಹಂಗಾದ್ರೆ ಮೋಟಾರ್ ಚಾಲೂ ಮಾಡಲು ಅವರು ಇನ್ನೂ ಮಾಳಿಗೆ ಹತ್ತಬೇಕು.

ಗುಡ್ಡದ ಬುಡದವ
ಕೇಳಿದೆ ಅಣ್ಣಾ. ಇಲ್ಲವಂತೆ. ರಾತ್ರಿ ಅವ್ವನಿಗೆ ಹೇಳುತ್ತಾರಂತೆ, ಅವಳು ಮಲಗಿದಲ್ಲಿಂದಲೇ ಮಿಸ್ಡ್ ಕಾಲ್ ಕೊಡುತ್ತಾಳಂತೆ. ನಿನ್ನೆ ಮಾತ್ರ ಕೊಡೋದು ಮರೆತು ಅಕ್ಕನ ಜೊತೆ ಮಾತಾಡುತ್ತಾ ಕೂತಿದ್ದಳು, ಜೋಳಕ್ಕೆ ನೀರು ಹಾಯಲಿಲ್ಲ.

ರೋಣದ ಶೇಂಗಾ
4ಜಿ ಸ್ಟಾರ್ಟರ್ ತಗೊಂಡರೆ ಟೈಮರ್ ಇರುವುದೇ ತಗೊಳ್ಳಿ. ಬೇಕಾದರೆ ನನ್ನ ಮೆಕ್ಯಾನಿಕ್‌ನನ್ನು ಕಳಿಸುತ್ತೇನೆ, ನಗುತ್ತಾನೆ, ಆದರೆ ಕೆಲಸ ಬಲ್ಲ.